ಗೋಡೆಯೊಳಗೆ ಲ್ಯಾನ್ ವೈರ್ ಎಳೆಸಿದ್ದೀರಾ? ಸ್ವಿಚ್ ತರುವ ಮುಂಚೆ ಇದನ್ನು ಓದಿ

ಹೋದ ವರ್ಷ ಏಪ್ರಿಲ್‌ನಲ್ಲಿ ಶಿವಮೊಗ್ಗದ ವಿನೋಬನಗರದಿಂದ ಒಬ್ಬರು ಅಕ್ಕ ಫೋನ್ ಮಾಡಿದರು. "ಅಣ್ಣಾ, ಸಂಜೆ ಆಯ್ತು ಅಂದ್ರೆ ಮೇಲಿನ ರೂಮಲ್ಲಿ ನೆಟ್ ಹೋಗುತ್ತೆ. ರೌಟರ್ ಎರಡು ಸಲ ಬದಲಾಯಿಸಾಯ್ತು. ಲೈನಿನವರು ಬಂದು ನೋಡಿ ಎಲ್ಲ ಸರಿ ಇದೆ ಅಂದ್ರು."

ಹೋಗಿ ನೋಡಿದೆ. ಹೊಸ ಮನೆ. ಕಟ್ಟುವಾಗಲೇ ಪೈಪ್ ಹಾಕಿಸಿ 11 ಕಡೆ ಲ್ಯಾನ್ ಪಾಯಿಂಟ್, ಅಂದರೆ ವೈರಿನಲ್ಲಿ ನೆಟ್ ಸಿಗುವ ಜಾಗ, ಕೊಟ್ಟಿದ್ದರು. ಎಲ್ಲ ವೈರೂ ಮೆಟ್ಟಿಲ ಪಕ್ಕದ ಒಂದು ಮರದ ಪೆಟ್ಟಿಗೆಗೆ ಬಂದು ಸೇರುತ್ತಿದ್ದವು. ಪೆಟ್ಟಿಗೆ ಇದ್ದದ್ದು ಪಶ್ಚಿಮದ ಗೋಡೆಯಲ್ಲಿ. ಗಾಳಿ ಆಡಲು ಒಂದು ತೂತೂ ಇರಲಿಲ್ಲ. ಮಧ್ಯಾಹ್ನದ ಬಿಸಿಲಿಗೆ ಗೋಡೆ ಕಾದು, ಸಂಜೆ ಹೊತ್ತಿಗೆ ಒಳಗೆಲ್ಲ ಬಿಸಿ ತುಂಬಿಕೊಳ್ಳುತ್ತಿತ್ತು. ಅದೇ ಹೊತ್ತಿಗೆ ಮನೆಯವರೆಲ್ಲ ನೆಟ್ ಹಚ್ಚುತ್ತಿದ್ದರು. ಪೆಟ್ಟಿಗೆಯೊಳಗೆ ಲ್ಯಾನ್ ಸ್ವಿಚ್ ಇತ್ತು, ಅಂದರೆ ರೌಟರಿನ ಒಂದು ಲೈನನ್ನು ಎಲ್ಲ ಪಾಯಿಂಟಿಗೂ ಹಂಚುವ ಡಬ್ಬಿ. ಅದರ ಅಡಾಪ್ಟರ್ ಮೇಲೆ 5 ವೋಲ್ಟ್ ಅಂತ ಬರೆದಿತ್ತು. ಸ್ವಿಚ್ ಓಡುತ್ತಿರುವಾಗಲೇ ಮೀಟರ್ ಇಟ್ಟು ನೋಡಿದರೆ 4.2 ಇತ್ತು. ಬೇರೆ ಅಡಾಪ್ಟರ್ ಹಾಕಿದೆ, ಪೆಟ್ಟಿಗೆಯ ಬಾಗಿಲಿಗೆ ಜಾಲರಿ ಮಾಡಿಸಿದೆ. ಅಷ್ಟೇ ಕೆಲಸ. ಎರಡು ರೌಟರಿನ ದುಡ್ಡು ಸುಮ್ನೆ ಹೋಗಿತ್ತು.

ನಾನು ಎಲೆಕ್ಟ್ರಿಷಿಯನ್. ಮೊದಲು ಮನೆ ವೈರಿಂಗ್ ಮಾತ್ರ ಮಾಡುತ್ತಿದ್ದೆ. ಆಮೇಲೆ ಕ್ಯಾಮೆರಾ ಹಾಕುವ ಕೆಲಸ ಬಂತು. 2020ರಲ್ಲಿ ಎಲ್ಲರೂ ಮನೆಯಿಂದ ಕೆಲಸ ಶುರು ಮಾಡಿದ ಮೇಲೆ ಲ್ಯಾನ್ ಪಾಯಿಂಟ್ ಕೇಳುವವರು ಜಾಸ್ತಿಯಾದರು. ಇಷ್ಟು ಮನೆ ನೋಡಿದ ಮೇಲೆ ನನಗೆ ಒಂದು ವಿಷಯ ಗಟ್ಟಿಯಾಗಿದೆ. ಸ್ವಿಚ್ ಕೆಡುವುದು ಒಳಗಿನ ಚಿಪ್ ಕಳಪೆ ಅಂತ ಅಲ್ಲ. ಕರೆಂಟು, ಬಿಸಿ, ಸಿಡಿಲು, ಕೆಟ್ಟ ವೈರು, ಈ ನಾಲ್ಕೇ ಅದನ್ನು ಕೊಲ್ಲುವುದು. ಹಾಗಾಗಿ ಆರಿಸುವಾಗಲೂ ಇವನ್ನೇ ತಲೆಯಲ್ಲಿಟ್ಟುಕೊಂಡು ಆರಿಸಬೇಕು.

ಮೊದಲು ಹೆಸರಿನ ಗೊಂದಲ ಬಿಡಿಸಿಕೊಳ್ಳೋಣ. ನಮ್ಮಲ್ಲಿ ಸ್ವಿಚ್ ಅಂದರೆ ಲೈಟಿನ ಸ್ವಿಚ್. ಅಂಗಡಿಯಲ್ಲಿ "ಲ್ಯಾನ್ ಸ್ವಿಚ್" ಅಂತಲೇ ಕೇಳಿ. ಕೆಲವರು ಈಗಲೂ "ಹಬ್" ಅನ್ನುತ್ತಾರೆ. ಹಬ್ ಅನ್ನುವುದು ಹಳೆಯ ಸಾಮಾನು. ಒಂದು ಪೋರ್ಟಿಗೆ ಬಂದದ್ದನ್ನು ಉಳಿದ ಎಲ್ಲ ಪೋರ್ಟಿಗೂ ಕಳಿಸುತ್ತಿತ್ತು. ಸ್ವಿಚ್ ಹಾಗಲ್ಲ. ಯಾವ ಕಂಪ್ಯೂಟರ್ ಯಾವ ಪೋರ್ಟಿನಲ್ಲಿದೆ ಅಂತ ನೆನಪಿಟ್ಟುಕೊಂಡು ಅದಕ್ಕೆ ಮಾತ್ರ ಕಳಿಸುತ್ತದೆ.

ಆಮೇಲೆ ಪೋರ್ಟು ಎಣಿಸಿ. ನಿಮ್ಮ ರೌಟರಿನ ಹಿಂದೆಯೇ ಮೂರೋ ನಾಲ್ಕೋ ಲ್ಯಾನ್ ಪೋರ್ಟ್ ಇದ್ದು, ಮನೆಯಲ್ಲಿ ಮೂರೇ ಪಾಯಿಂಟ್ ಇದ್ದರೆ ಸ್ವಿಚ್ ಬೇಡವೇ ಬೇಡ. ಜಾಸ್ತಿ ಇದ್ದರೆ ಲೆಕ್ಕ ಹೀಗೆ: ಗೋಡೆಯ ಪಾಯಿಂಟುಗಳು, ರೌಟರಿನಿಂದ ಬರುವ ವೈರಿಗೆ ಒಂದು, ಮುಂದಕ್ಕೆ ಅಂತ ಎರಡು. 5 ಪೋರ್ಟಿನದು ತಂದರೆ ಒಂದು ರೌಟರಿಗೆ ಹೋಗಿ ಕೈಗೆ ಸಿಗುವುದು ನಾಲ್ಕೇ. ಇದನ್ನು ಮರೆತು ಮತ್ತೆ ಅಂಗಡಿಗೆ ಹೋದವರು ಬಹಳ ಜನ. 11 ಪಾಯಿಂಟಿನ ಮನೆಗೆ 16 ಪೋರ್ಟಿನದು ಒಂದೇ ತನ್ನಿ. 8ರದ್ದು ಎರಡು ತಂದು ಒಂದಕ್ಕೊಂದು ಜೋಡಿಸಿದರೂ ನಡೆಯುತ್ತದೆ. ಆದರೆ ಅಡಾಪ್ಟರ್ ಎರಡು, ಕೆಡುವ ಜಾಗವೂ ಎರಡು. ಟಿವಿ ಹಿಂದೆ ಸೆಟ್‌ಟಾಪ್ ಬಾಕ್ಸ್, ಗೇಮಿನ ಪೆಟ್ಟಿಗೆ ಎಲ್ಲ ಇದ್ದು ಗೋಡೆಯಲ್ಲಿ ಒಂದೇ ಪಾಯಿಂಟ್ ಇದ್ದರೆ ಅಲ್ಲೊಂದು ಸಣ್ಣದು ಇಡಬಹುದು, ಅದರಲ್ಲಿ ತಪ್ಪಿಲ್ಲ.

ವೇಗ ಗಿಗಾಬಿಟ್, ಅಂದರೆ 1000 ಎಂಬಿಪಿಎಸ್, ಇರಲೇಬೇಕು. ಈಗಲೂ ಅಂಗಡಿಯಲ್ಲಿ 100 ಎಂಬಿಪಿಎಸ್ ಸ್ವಿಚ್ ಮಾರುತ್ತಾರೆ. ನೋಡಲು ಎರಡೂ ಒಂದೇ ಥರ. ಮೋಸ ಹೋಗಬಾರದು ಅಂದರೆ ಮಾಡೆಲ್ ಹೆಸರಿನ ಅಕ್ಷರ ನೋಡಿ. ಟಿಪಿ-ಲಿಂಕ್‌ನಲ್ಲಿ ಟಿಎಲ್-ಎಸ್‌ಎಫ್1008ಡಿ ಅಂದರೆ 100, ಟಿಎಲ್-ಎಸ್‌ಜಿ1008ಡಿ ಅಂದರೆ ಗಿಗಾಬಿಟ್. ವ್ಯತ್ಯಾಸ ಒಂದೇ ಅಕ್ಷರ. ಅವರದ್ದೇ ಎಲ್‌ಎಸ್1008 ಮತ್ತು ಎಲ್‌ಎಸ್1008ಜಿ ಕೂಡ ಹಾಗೆಯೇ. ಡಿ-ಲಿಂಕ್‌ನಲ್ಲಿ ಡಿಇಎಸ್ ಅಂತ ಶುರುವಾದರೆ 100, ಡಿಜಿಎಸ್ ಅಂತ ಶುರುವಾದರೆ ಗಿಗಾಬಿಟ್. ಡಬ್ಬಿಯ ಮೇಲೆ 10/100/1000 ಅಂತ ಮೂರೂ ಅಂಕಿ ಇದೆಯಾ ನೋಡಿ.

ಮನೆಯಲ್ಲಿ ಈಗಾಗಲೇ ಹಳೆಯ ಸ್ವಿಚ್ ಇದ್ದರೆ ಕಂಡುಹಿಡಿಯಲು ಒಂದು ಸುಲಭದ ದಾರಿ ಇದೆ. ನಿಮ್ಮ ಪ್ಲಾನ್ 200 ಅಥವಾ 300 ಎಂಬಿಪಿಎಸ್, ಆದರೆ ವೈರ್ ಹಾಕಿ ಸ್ಪೀಡ್ ನೋಡಿದರೆ ಯಾವಾಗಲೂ 94ರ ಹತ್ತಿರ ನಿಲ್ಲುತ್ತದೆ. ಅಂದರೆ ದಾರಿಯಲ್ಲಿ ಎಲ್ಲೋ 100ರ ಸಾಮಾನು ಇದೆ, ಇಲ್ಲವೇ ಒಂದು ವೈರು ಕಡಿದಿದೆ. 100 ಎಂಬಿಪಿಎಸ್‌ಗೆ ಕೇಬಲಿನ ಎಂಟು ಎಳೆಯಲ್ಲಿ ನಾಲ್ಕೇ ಸಾಕು. ಗಿಗಾಬಿಟ್‌ಗೆ ಎಂಟೂ ಬೇಕು. ಕ್ರಿಂಪಿಂಗ್ ಮಾಡುವಾಗ, ಅಂದರೆ ವೈರಿನ ತುದಿಗೆ ಪ್ಲಗ್ ಕೂರಿಸುವಾಗ, ಒಂದು ಎಳೆ ಸರಿಯಾಗಿ ಕೂರದಿದ್ದರೂ ಲೈನ್ ಸದ್ದಿಲ್ಲದೆ 100ಕ್ಕೆ ಇಳಿಯಬಹುದು. ನೆಟ್ ಬರುತ್ತಲೇ ಇರುತ್ತದೆ, ಹಾಗಾಗಿ ಯಾರಿಗೂ ಗೊತ್ತಾಗುವುದಿಲ್ಲ.

2.5 ಗಿಗಾಬಿಟ್ ಬೇಕಾ ಅಂತ ಕೇಳುತ್ತಾರೆ. ಮನೆಯಲ್ಲಿ ದೊಡ್ಡ ವಿಡಿಯೋ ಫೈಲುಗಳನ್ನು ಒಂದು ಕಡೆ ಇಟ್ಟು ಎಡಿಟ್ ಮಾಡುವವರಿಗೆ ಬೇಕು. ಕ್ಯಾಟ್5ಇ ಅನ್ನುವ ಸಾಮಾನ್ಯ ಲ್ಯಾನ್ ವೈರಿನಲ್ಲೇ ಅದು ಓಡುತ್ತದೆ, ಗೋಡೆ ಒಡೆಯಬೇಕಿಲ್ಲ. ಉಳಿದವರು ಆ ದುಡ್ಡಿನಲ್ಲಿ ಒಳ್ಳೆಯ ಮಿನಿ ಯುಪಿಎಸ್ (ಸಣ್ಣ ಬ್ಯಾಟರಿ ಬ್ಯಾಕಪ್) ತಗೊಳ್ಳಿ. ಇನ್ನು ಡಬ್ಬಿಯ ಮೇಲೆ "ಸ್ವಿಚಿಂಗ್ ಕೆಪಾಸಿಟಿ 16 ಜಿಬಿಪಿಎಸ್" ಅಂತ ದೊಡ್ಡದಾಗಿ ಬರೆದಿರುತ್ತಾರೆ. 8 ಪೋರ್ಟ್, ಪ್ರತಿಯೊಂದಕ್ಕೂ ಹೋಗಲು 1 ಗಿಗಾಬಿಟ್, ಬರಲು 1, ಎಂಟು ಎರಡಲ ಹದಿನಾರು. 8 ಪೋರ್ಟಿನ ಎಲ್ಲ ಸರಿಯಾದ ಗಿಗಾಬಿಟ್ ಸ್ವಿಚ್ಚಿಗೂ ಇದೇ ಅಂಕಿ. ಇದನ್ನು ನೋಡಿ ಜಾಸ್ತಿ ದುಡ್ಡು ಕೊಡಬೇಡಿ.

ಸಾದಾ ಸ್ವಿಚ್ ತರಬೇಕೋ, ಸೆಟ್ಟಿಂಗ್ ಮಾಡಬಹುದಾದ "ಸ್ಮಾರ್ಟ್" ಸ್ವಿಚ್ ತರಬೇಕೋ? ಹೆಚ್ಚಿನ ಮನೆಗೆ ಸಾದಾ ಸಾಕು. ಹಚ್ಚಿದರೆ ಓಡುತ್ತದೆ, ಪಾಸ್‌ವರ್ಡ್ ಮರೆಯುವ ಪ್ರಶ್ನೆಯೇ ಇಲ್ಲ. ಕ್ಯಾಮೆರಾಗಳನ್ನು ಮನೆಯ ಕಂಪ್ಯೂಟರಿನಿಂದ ಬೇರೆ ಇಡಬೇಕು, ಕೆಳಗಿನ ಬಾಡಿಗೆಯವರಿಗೂ ಇದೇ ಲೈನ್ ಕೊಡಬೇಕು ಅನ್ನುವವರಿಗೆ ವಿಲ್ಯಾನ್, ಅಂದರೆ ಒಂದೇ ಸ್ವಿಚ್ಚನ್ನು ಬೇರೆ ಬೇರೆ ನೆಟ್‌ವರ್ಕಿನಂತೆ ಭಾಗ ಮಾಡುವ ಸೌಲಭ್ಯ, ಬೇಕಾಗುತ್ತದೆ. ಅಂಥವರು ಟಿಎಲ್-ಎಸ್‌ಜಿ108ಇ ಥರದ್ದು ನೋಡಿ. ಕೊನೆಯ ಆ "ಇ" ಇದ್ದರೆ ಮಾತ್ರ ಸೆಟ್ಟಿಂಗ್ ಇರುತ್ತದೆ. ಅದರ ಜೊತೆ ರೌಟರ್ ಕೂಡ ವಿಲ್ಯಾನ್ ಗೊತ್ತಿರುವಂಥದ್ದೇ ಆಗಿರಬೇಕು. ಕಂಪನಿಯವರು ಕೊಡುವ ಎಷ್ಟೋ ರೌಟರುಗಳಲ್ಲಿ ಆ ಸೌಲಭ್ಯ ಸಿಗುವುದಿಲ್ಲ.

ಸ್ಮಾರ್ಟ್ ಸ್ವಿಚ್ಚಿನಲ್ಲಿ ನನಗೆ ನಿಜವಾಗಿ ಇಷ್ಟವಾದದ್ದು ಲೂಪ್ ಹಿಡಿಯುವ ಗುಣ. ಗೌರಿ-ಗಣೇಶ ಹಬ್ಬದ ಮುಂಚೆ ಒಂದು ಮನೆಯಲ್ಲಿ ಧೂಳು ಹೊಡೆದರು. ಒಂದು ಲ್ಯಾನ್ ವೈರಿನ ತುದಿ ಜೋತಾಡುತ್ತಿತ್ತು. ಖಾಲಿ ಕಂಡ ತೂತಿಗೆ ಯಾರೋ ಚುಚ್ಚಿದರು. ಅದರ ಇನ್ನೊಂದು ತುದಿ ಅದೇ ಸ್ವಿಚ್ಚಿನಲ್ಲೇ ಇತ್ತು. ಮನೆಪೂರ್ತಿ ನೆಟ್ ನಿಂತಿತು, ವೈಫೈ ಕೂಡ. ಇದನ್ನೇ ಲೂಪ್ ಅನ್ನುವುದು. ಹೀಗೆ ಒಂದೇ ವೈರಿನ ಎರಡೂ ತುದಿ ಒಂದೇ ಸ್ವಿಚ್ಚಿಗೆ ಸೇರಿದರೆ ಒಳಗೆ ಹೋದ ಸಂದೇಶ ಸುತ್ತುತ್ತಲೇ ಇರುತ್ತದೆ, ಸುತ್ತುತ್ತಾ ಹೆಚ್ಚುತ್ತದೆ. ಗುರುತು ಹಿಡಿಯುವುದು ಸುಲಭ. ಎಲ್ಲ ದೀಪಗಳೂ ಒಟ್ಟಿಗೆ, ಬಿಡುವಿಲ್ಲದೆ ಪಟಪಟ ಮಿನುಗುತ್ತವೆ. ಒಂದೊಂದೇ ವೈರ್ ಕಿತ್ತು ನೋಡಿ. ಯಾವುದನ್ನು ಕಿತ್ತಾಗ ದೀಪ ಶಾಂತವಾಗುತ್ತದೋ ಅದೇ ವೈರು.

ಈಗ ಪಿಒಇ ವಿಷಯ. ಲ್ಯಾನ್ ವೈರಿನಲ್ಲೇ ಕರೆಂಟು ಕಳಿಸುವ ಸ್ವಿಚ್ ಇದು. ಕ್ಯಾಮೆರಾ, ಚಾವಣಿಗೆ ಹಾಕುವ ವೈಫೈ ಇವುಗಳಿಗೆ ಬೇಕು. 802.3ಎಎಫ್ ಅಂತಿದ್ದರೆ ಪೋರ್ಟಿಗೆ 15.4 ವ್ಯಾಟ್, 802.3ಎಟಿ ಅಂತಿದ್ದರೆ 30 ವ್ಯಾಟ್. ಈ ಎರಡರಲ್ಲಿ ಒಂದು ಹೆಸರು ಡಬ್ಬಿಯ ಮೇಲೆ ಇರಲೇಬೇಕು. ಇಂಥ ಸ್ವಿಚ್ ಮೊದಲು ಆ ಕಡೆ ಇರುವ ಸಾಧನಕ್ಕೆ ಕರೆಂಟು ಬೇಕಾ ಅಂತ ನೋಡಿ ಆಮೇಲೆ ಕೊಡುತ್ತದೆ. "ಪ್ಯಾಸಿವ್ ಪಿಒಇ" ಅನ್ನುವುದು ಏನೂ ಕೇಳದೆ ಸೀದಾ ಹರಿಸುತ್ತದೆ. ಅದಕ್ಕೆ ಅಪ್ಪಿತಪ್ಪಿ ಲ್ಯಾಪ್‌ಟಾಪ್ ಹಚ್ಚಿದರೆ ಪೋರ್ಟ್ ಸುಡಬಹುದು. ಗೋಡೆಯ ಪಾಯಿಂಟಿಗೆ ಯಾರು ಏನು ಹಚ್ಚುತ್ತಾರೆ ಅಂತ ಹೇಳಲಾಗುವುದಿಲ್ಲ ಅಲ್ವಾ? ಮನೆಗೆ ಅದು ಬೇಡ.

ಒಟ್ಟು ವ್ಯಾಟ್ ಲೆಕ್ಕ ಹಾಕಿ. ನಾಲ್ಕು ಕ್ಯಾಮೆರಾ ತಲಾ 7 ವ್ಯಾಟ್ ಅಂದರೆ 28, ಒಂದು ವೈಫೈ 13, ಒಟ್ಟು 41. ಇದಕ್ಕೆ 60 ವ್ಯಾಟಿನ ಸ್ವಿಚ್ ಸರಿ. ಅಂಚಿಗೆ ತಂದು ನಿಲ್ಲಿಸಬೇಡಿ. ರಾತ್ರಿ ಕ್ಯಾಮೆರಾದ ದೀಪ ಹೊತ್ತಿದಾಗ ಎಳೆತ ಜಾಸ್ತಿಯಾಗುತ್ತದೆ. "ಹಗಲು ಚೆನ್ನಾಗಿರುತ್ತೆ, ಕತ್ತಲಾದ ಮೇಲೆ ಕ್ಯಾಮೆರಾ ಹೋಗುತ್ತೆ" ಅನ್ನುವ ದೂರಿಗೆ ಎಷ್ಟೋ ಸಲ ಇದೇ ಕಾರಣ.

ಕ್ಯಾಮೆರಾಗೆ ಅಂತಲೇ ಮಾರುವ ಪಿಒಇ ಸ್ವಿಚ್ಚುಗಳಲ್ಲಿ ಎಷ್ಟೋ 100 ಎಂಬಿಪಿಎಸ್ ಪೋರ್ಟಿನವು. ಕ್ಯಾಮೆರಾಗೆ ಅಷ್ಟು ಬೇಕಾದಷ್ಟಾಯಿತು, ಆದರೆ ಕಂಪ್ಯೂಟರನ್ನು ಅದಕ್ಕೆ ಹಚ್ಚಬೇಡಿ. ಅವುಗಳ ಮುಂದೆ "ಎಕ್ಸ್‌ಟೆಂಡ್" ಅಥವಾ "250 ಮೀ" ಅಂತ ಒಂದು ಸಣ್ಣ ಗುಂಡಿ ಇರುತ್ತದೆ. ಅದನ್ನು ಒತ್ತಿದರೆ ದೂರ ಹೋಗುತ್ತದೆ ನಿಜ, ವೇಗ ಮಾತ್ರ 10 ಎಂಬಿಪಿಎಸ್‌ಗೆ ಇಳಿಯುತ್ತದೆ. ಒರೆಸುವಾಗ ಕೈ ತಾಗಿ ಆ ಗುಂಡಿ ಸರಿದ ಮನೆ ನೋಡಿದ್ದೇನೆ. ನನ್ನ ಸಲಹೆ ಇಷ್ಟು: ಕ್ಯಾಮೆರಾಗೆ ಪಿಒಇ ಸ್ವಿಚ್ ಬೇರೆ, ಮನೆಯ ಕೆಲಸಕ್ಕೆ ಸಾದಾ ಗಿಗಾಬಿಟ್ ಬೇರೆ ಇಡಿ. ಪಿಒಇ ಜಾಸ್ತಿ ಬಿಸಿಯಾಗುತ್ತದೆ, ಬೇಗ ಸೋಲುತ್ತದೆ. ಅದು ಸೋತ ದಿನ ಮಗಳ ಪರೀಕ್ಷೆಯೋ ನಿಮ್ಮ ಮೀಟಿಂಗೋ ನಿಲ್ಲಬಾರದು.

ಅಂಗಡಿಯಲ್ಲಿ ಡಬ್ಬಿ ಬಿಚ್ಚಿಸಿ ನೋಡಿ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ತಂದರೂ, ನಿಮ್ಮ ಊರಿನಲ್ಲೇ ತಂದರೂ ಇದನ್ನು ಬಿಡಬೇಡಿ. ಲೋಹದ ಮೈ ಇರುವುದನ್ನೇ ಆರಿಸಿ. ಫ್ಯಾನ್ ಇಲ್ಲದ ಸಾಮಾನಿಗೆ ಮೈಯೇ ಬಿಸಿ ಬಿಡುವ ದಾರಿ. ಟಿಪಿ-ಲಿಂಕ್ ಟಿಎಲ್-ಎಸ್‌ಜಿ108, ನೆಟ್‌ಗೇರ್ ಜಿಎಸ್308, ಡಿ-ಲಿಂಕ್ ಡಿಜಿಎಸ್-108, ಇವು ಮೂರೂ ಲೋಹದ ಮೈಯ 8 ಪೋರ್ಟ್ ಗಿಗಾಬಿಟ್ ಸ್ವಿಚ್ಚುಗಳು. ಇವುಗಳಲ್ಲಿ ಯಾವುದು ಸಿಕ್ಕರೂ ನಾನು ಹಾಕುತ್ತೇನೆ. ಯಾವುದಕ್ಕೆ ನಿಮ್ಮ ಊರಿನ ಹತ್ತಿರ ವಾರಂಟಿ ಸಿಗುತ್ತದೆ ಅಂತ ಕೇಳಿ, ಅದನ್ನು ತಗೊಳ್ಳಿ. ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿ.

ಅಡಾಪ್ಟರ್ ಕೈಗೆ ತಗೊಂಡು ಓದಿ. ಭಾರತದಲ್ಲಿ ಇಂಥ ಅಡಾಪ್ಟರಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ನೋಂದಣಿ ಕಡ್ಡಾಯ. ಐಎಸ್ 13252 ಅಂತ ಮುದ್ರೆ, ಅದರ ಜೊತೆ ಆರ್- ಅಂತ ಶುರುವಾಗುವ ನಂಬರ್ ಇರಬೇಕು. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ನಂಬರ್ ಹಾಕಿದರೆ ಯಾರ ಹೆಸರಿನಲ್ಲಿದೆ ಅಂತ ತೋರಿಸುತ್ತದೆ. ಒಳಗೆ ಬರುವ ಕರೆಂಟು 100-240 ವೋಲ್ಟ್ ಅಂತ ಬರೆದಿರಲಿ. ನಮ್ಮ ಮಲೆನಾಡಿನ ಹಳ್ಳಿಗಳಲ್ಲಿ ಬೇಸಿಗೆಯಲ್ಲಿ ವೋಲ್ಟೇಜ್ ಎಷ್ಟು ಇಳಿಯುತ್ತದೆ ಅಂತ ನಿಮಗೇ ಗೊತ್ತು.

ಹೊರಗೆ ಬರುವ ವೋಲ್ಟ್ ಎಷ್ಟು ಅನ್ನುವುದನ್ನು ಒಂದು ಚೀಟಿಯಲ್ಲಿ ಬರೆದಿಡಿ. ಸ್ವಿಚ್ಚಿಗೆ 5 ಅಥವಾ 9 ವೋಲ್ಟ್ ಇರಬಹುದು, ಪಕ್ಕದ ರೌಟರಿಗೆ 12 ಇರುತ್ತದೆ. ಎರಡರ ಪಿನ್ನೂ ಎಷ್ಟೋ ಸಲ ಒಂದೇ ಅಳತೆ. 12ರದ್ದನ್ನು 5ರದ್ದಕ್ಕೆ ಚುಚ್ಚಿದರೆ ಸಲೀಸಾಗಿ ಕೂರುತ್ತದೆ, ಸ್ವಿಚ್ ಅಲ್ಲಿಗೆ ಮುಗಿಯಿತು. ನಾನು ಹೋದ ಮನೆಯಲ್ಲೆಲ್ಲ ಅಡಾಪ್ಟರಿನ ಪಿನ್ನಿಗೂ ಅದರ ಸಾಧನಕ್ಕೂ ಒಂದೇ ಬಣ್ಣದ ಟೇಪ್ ಸುತ್ತಿ ಬರುತ್ತೇನೆ.

ಕರೆಂಟು ಹೋದಾಗ ನೆಟ್ ಇರಬೇಕು ಅಂದರೆ ಫೈಬರ್ ಡಬ್ಬಿ, ರೌಟರ್, ಸ್ವಿಚ್ ಮೂರಕ್ಕೂ ಬ್ಯಾಕಪ್ ಬೇಕು. ರೌಟರಿಗೆ ಮಾತ್ರ ಮಿನಿ ಯುಪಿಎಸ್ ಹಾಕಿ ಸ್ವಿಚ್ ಮರೆತರೆ ವೈಫೈ ಇರುತ್ತದೆ, ಗೋಡೆಯ ಪಾಯಿಂಟ್ ಸತ್ತಿರುತ್ತದೆ. ಮಿನಿ ಯುಪಿಎಸ್ ತರುವಾಗ ನಿಮ್ಮ ಸ್ವಿಚ್ಚಿನ ವೋಲ್ಟ್ ಅದರಲ್ಲಿದೆಯಾ ನೋಡಿ. ಮನೆಗೆ ಇನ್ವರ್ಟರ್ ಇದ್ದರೆ ಅದರ ಹಿಂದೆ ಅಥವಾ ಪಕ್ಕದಲ್ಲಿ "ಯುಪಿಎಸ್ ಮೋಡ್" ಅಂತ ಗುಂಡಿ ಇರುತ್ತದೆ. ಅದರಲ್ಲಿಟ್ಟರೆ ಬೇಗ ಬದಲಾಗುತ್ತದೆ, ರೌಟರ್ ಮತ್ತೆ ಮೊದಲಿನಿಂದ ಶುರುವಾಗುವ ಕಾಟ ತಪ್ಪುತ್ತದೆ.

ಇನ್ನು ಸಿಡಿಲು. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು, ಯಾಕೆಂದರೆ ನಾನು ಬದಲಾಯಿಸಿದ ಸ್ವಿಚ್ಚುಗಳಲ್ಲಿ ಹೆಚ್ಚಿನವು ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಹೋದವು. ತೀರ್ಥಹಳ್ಳಿ ಕಡೆ ಒಂದು ತೋಟದ ಮನೆ. ಮನೆಯಿಂದ ಅಡಿಕೆ ಒಣಗಿಸುವ ಅಂಗಳದ ಆಚೆಯ ಶೆಡ್ಡಿಗೆ ಸುಮಾರು 70 ಮೀಟರ್ ಲ್ಯಾನ್ ವೈರನ್ನು ಕಂಬದಿಂದ ಕಂಬಕ್ಕೆ ಎಳೆದಿದ್ದರು, ಕ್ಯಾಮೆರಾಗೆ ಅಂತ. ಲ್ಯಾನ್ ವೈರಿನ ಮಿತಿಯಾದ 100 ಮೀಟರಿನ ಒಳಗೇ ಇತ್ತು, ಚೆನ್ನಾಗಿಯೇ ಓಡುತ್ತಿತ್ತು. ಒಂದು ಸಂಜೆ ಹತ್ತಿರದಲ್ಲೆಲ್ಲೋ ಸಿಡಿಲು ಬಿತ್ತು. ಮನೆಗೂ ಬಿದ್ದಿಲ್ಲ, ಕಂಬಕ್ಕೂ ಬಿದ್ದಿಲ್ಲ. ಆದರೂ ಸ್ವಿಚ್, ರೌಟರ್, ಕೆಲಸದ ಕಂಪ್ಯೂಟರಿನ ಲ್ಯಾನ್ ಪೋರ್ಟ್ ಮೂರೂ ಹೋದವು. ಪ್ಲಗ್ ಕಿತ್ತಿಟ್ಟಿದ್ದೆವು ಅಂತ ಯಜಮಾನರು ಹೇಳಿದರು. ಅವರು ಹೇಳಿದ್ದು ನಿಜ. ಕರೆಂಟಿನ ಪ್ಲಗ್ ಕಿತ್ತಿದ್ದರು, ಲ್ಯಾನ್ ವೈರ್ ಕಿತ್ತಿರಲಿಲ್ಲ. ಹೊರಗಿರುವ ಉದ್ದ ತಾಮ್ರದ ವೈರಿನಲ್ಲಿ, ಸಿಡಿಲು ನೇರ ಬೀಳದಿದ್ದರೂ, ಒಂದು ಕ್ಷಣ ದೊಡ್ಡ ವೋಲ್ಟೇಜ್ ಹುಟ್ಟುತ್ತದೆ. ಅದು ಸೀದಾ ಸ್ವಿಚ್ಚಿನೊಳಗೆ ಬರುತ್ತದೆ.

ಇದಕ್ಕೆ ದುಬಾರಿ ಸ್ವಿಚ್ ಪರಿಹಾರ ಅಲ್ಲ. ಒಂದು ಕಟ್ಟಡದಿಂದ ಇನ್ನೊಂದಕ್ಕೆ ಹೋಗುವಾಗ ತಾಮ್ರ ಬಿಟ್ಟು ಫೈಬರ್ ಎಳೆಯಿರಿ. ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲ. ಎರಡೂ ತುದಿಗೆ ಮೀಡಿಯಾ ಕನ್ವರ್ಟರ್ (ಫೈಬರನ್ನು ಲ್ಯಾನ್ ವೈರಿಗೆ ಜೋಡಿಸುವ ಡಬ್ಬಿ) ಹಾಕಬಹುದು, ಇಲ್ಲವೇ ಫೈಬರ್ ಸೇರಿಸಲು ಎಸ್‌ಎಫ್‌ಪಿ ಕಿಂಡಿ ಇರುವ ಸ್ವಿಚ್ ತರಬಹುದು. ಇಂಟರ್‌ನೆಟ್ ಲೈನ್ ಎಳೆಯುವ ಹುಡುಗರ ಹತ್ತಿರ ವೈರೂ ಇರುತ್ತದೆ, ಜೋಡಿಸುವ ಯಂತ್ರವೂ ಇರುತ್ತದೆ. ಒಂದು ಎಚ್ಚರಿಕೆ: ಹೊರಗೆ ತೂಗುಹಾಕುವ ಫೈಬರಿನ ಜೊತೆ ಒಂದು ಉಕ್ಕಿನ ತಂತಿ ಇರುತ್ತದೆ. ಅದನ್ನು ಗೋಡೆಯ ಹೊರಗೇ ಕತ್ತರಿಸಿ ನಿಲ್ಲಿಸಬೇಕು, ಒಳಗೆ ತರಬಾರದು. ಆ ತೋಟದ ಮನೆಗೆ ಹೀಗೇ ಮಾಡಿದೆವು. ಆಮೇಲೆ ಒಂದು ಮಳೆಗಾಲ ಪೂರ್ತಿ ಕಳೆದಿದೆ, ಸ್ವಿಚ್ ಹಾಗೇ ಇದೆ.

ವೈರಿನ ಬಗ್ಗೆ ಎರಡು ಮಾತು. ಕಡಿಮೆ ಬೆಲೆಗೆ ಸಿಗುವ ಕ್ಯಾಟ್6 ಬಂಡಲ್‌ಗಳಲ್ಲಿ ಎಷ್ಟೋ ಸಿಸಿಎ, ಅಂದರೆ ಅಲ್ಯೂಮಿನಿಯಂಗೆ ಮೇಲೆ ತಾಮ್ರದ ಲೇಪ. ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ವಾಪಸ್ ಕೊಡಿ. 305 ಮೀಟರಿನ ಬಂಡಲ್ ಎತ್ತಿ ನೋಡಿದರೂ ಗೊತ್ತಾಗುತ್ತದೆ, ಪೂರ್ತಿ ತಾಮ್ರದ್ದು ಭಾರ ಇರುತ್ತದೆ. ಸಿಸಿಎ ಬೇಗ ಮುರಿಯುತ್ತದೆ, ಪಿಒಇ ಕರೆಂಟು ಹರಿದರೆ ಬಿಸಿಯಾಗುತ್ತದೆ. ಗೋಡೆಯೊಳಗೆ ಒಂದು ಸಲ ಹೋದ ವೈರು ಹೊರಗೆ ಬರುವುದು ಕಷ್ಟ, ಹಾಗಾಗಿ ಇಲ್ಲಿ ಮಾತ್ರ ಉಳಿತಾಯ ಮಾಡಬೇಡಿ.

ಸ್ವಿಚ್ ಮನೆಗೆ ಬಂದ ಮೇಲೆ ಮೊದಲ ವಾರದಲ್ಲೇ ಪರೀಕ್ಷೆ ಮಾಡಿ, ವಾಪಸ್ ಕೊಡುವ ಅವಕಾಶ ಇರುವಾಗಲೇ. ಲ್ಯಾಪ್‌ಟಾಪನ್ನು ಒಂದೊಂದು ಪಾಯಿಂಟಿಗೂ ಹಚ್ಚಿ, ನೆಟ್‌ವರ್ಕ್ ಸೆಟ್ಟಿಂಗಿನಲ್ಲಿ ಲಿಂಕ್ ಸ್ಪೀಡ್ 1000 ಅಂತ ತೋರಿಸುತ್ತದಾ ನೋಡಿ. 100 ಅಂದರೆ ಆ ಪಾಯಿಂಟಿನ ಕ್ರಿಂಪಿಂಗ್ ಮತ್ತೆ ಮಾಡಿಸಿ. ಎರಡು ಕಂಪ್ಯೂಟರ್ ಇದ್ದರೆ ಒಂದರಿಂದ ಇನ್ನೊಂದಕ್ಕೆ 10 ಜಿಬಿ ಫೈಲ್ ಕಳಿಸಿ. ಡಿಸ್ಕ್ ಚೆನ್ನಾಗಿದ್ದರೆ ಒಂದೂವರೆ ನಿಮಿಷದಲ್ಲಿ ಮುಗಿಯಬೇಕು. ರಾತ್ರಿಯಿಡೀ ರೌಟರಿಗೆ ಪಿಂಗ್ (ಸಣ್ಣ ಸಂದೇಶ ಕಳಿಸಿ ಉತ್ತರ ಬರುತ್ತದಾ ಅಂತ ಮತ್ತೆ ಮತ್ತೆ ನೋಡುವ ಪರೀಕ್ಷೆ) ಹಾಕಿಟ್ಟು ಬೆಳಿಗ್ಗೆ ನೋಡಿ, ಒಂದು ಉತ್ತರವೂ ಕಳೆದಿರಬಾರದು. ಮಧ್ಯಾಹ್ನ ಸ್ವಿಚ್ಚಿನ ಮೇಲೆ ಅಂಗೈ ಇಡಿ. ಬೆಚ್ಚಗಿರಬಹುದು, ಆದರೆ ಕೈ ಹಿಂದೆಗೆಯುವಷ್ಟು ಬಿಸಿ ಇರಬಾರದು.

ಇಡುವ ಜಾಗ ಗಾಳಿ ಆಡುವಂತಿರಲಿ, ಇನ್ವರ್ಟರ್ ಬ್ಯಾಟರಿಯ ಪಕ್ಕ ಬೇಡ. ಸ್ವಿಚ್ಚಿನ ಮೇಲೆ ರೌಟರ್ ಪೇರಿಸಬೇಡಿ. ಮಳೆಗಾಲದಲ್ಲಿ ಬೆಚ್ಚಗಿನ ಜಾಗ ಹುಡುಕಿಕೊಂಡು ಇರುವೆ ಬರುತ್ತವೆ, ಖಾಲಿ ಪೋರ್ಟಿನೊಳಗೆ ಗೂಡು ಮಾಡುತ್ತವೆ. ರಬ್ಬರಿನ ಸಣ್ಣ ಮುಚ್ಚಳಗಳು ಸಿಗುತ್ತವೆ, ಖಾಲಿ ಪೋರ್ಟಿಗೆಲ್ಲ ಹಾಕಿಬಿಡಿ.

ವಿನೋಬನಗರದ ಆ ಅಕ್ಕನ ಮನೆಯ ಪೆಟ್ಟಿಗೆ ಬಾಗಿಲಿನ ಒಳಗೆ ಈಗ ಒಂದು ಹಾಳೆ ಅಂಟಿಸಿದೆ. 1 ದೇವರ ಮನೆ ಪಕ್ಕದ ಟಿವಿ, 2 ಮೇಲಿನ ರೂಮು, 3 ಅಪ್ಪನ ಟೇಬಲ್, ಹೀಗೆ 11ರ ತನಕ. ಕೆಳಗೆ ಸ್ವಿಚ್ ಅಡಾಪ್ಟರ್ 5 ವೋಲ್ಟ್, ಕೆಂಪು ಟೇಪ್. ರೌಟರ್ 12 ವೋಲ್ಟ್, ಹಳದಿ ಟೇಪ್. ತಂದ ತಾರೀಕು, ವಾರಂಟಿ ಮುಗಿಯುವ ತಾರೀಕು. ಅವರ ಮಗ ಹೋದ ತಿಂಗಳು 7ನೇ ನಂಬರ್ ವೈರನ್ನು ತಾನೇ ಬದಲಾಯಿಸಿ, ಹಾಳೆಯಲ್ಲಿ ಪೆನ್ಸಿಲಿನಿಂದ ತಾರೀಕು ಬರೆದಿದ್ದಾನೆ.